ಮಕ್ಕಳ ಅಂಗಿಯ ಖಾಲಿ ಎದೆ

ಹೋದ ವಾರ ತಾವರೆಕೆರೆಯಿಂದ ನನ್ನ ತಮ್ಮನ ಮಗಳು ಸೌಮ್ಯ ಬಂದಿದ್ದಳು. ಮಧುಗಿರಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಹೆಸರು ಕೊಟ್ಟಿದ್ದಾಳೆ. "ಅತ್ತೆ, ಹೊಲಿಗೆ ಲೈನು ಕಷ್ಟ ಅಂತೆ, ಪ್ರೆಸ್ ಸೆಕ್ಷನ್ನು ಸಲೀಸು ಅಂತೆ. ಮೆಷಿನ್ ಮುಚ್ಚೋದು, ತೆಗ್ಯೋದು, ಅಷ್ಟೇ ಅಲ್ವಾ?" ಎಂದು ಕೇಳಿದಳು. ಆ ಪ್ರೆಸ್ ಸೆಕ್ಷನ್ನಿನಲ್ಲಿ ನಾನು ಹದಿನೇಳು ವರ್ಷ ಇದ್ದೆ, ಅದರಲ್ಲಿ ಹತ್ತು ವರ್ಷ ಸೂಪರ್‌ವೈಸರ್ ಆಗಿ. ಕೆಲಸ ಬಿಟ್ಟು ಎರಡು ವರ್ಷವಾದರೂ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಮೆಷಿನ್ನಿನ ಟೈಮರ್ ಕೂಗಿತೆಂದು ಕೈ ಮುಂದೆ ಹೋಗುತ್ತದೆ. ಅವಳಿಗೆ ಸುಮ್ಮನೆ "ಹೂಂ" ಎಂದುಬಿಟ್ಟೆ. ಅವಳು ಬಸ್ಸು ಹತ್ತಿದ ಮೇಲೆ, ಹೂಂ ಎಂದದ್ದು ತಪ್ಪು ಎನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹುಟ್ಟಾ ಹೆದರುಪುಕ್ಕಲಿ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುವುದು ಅರ್ಥವಾಗುವುದಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸ್ ಬರುವ ಪೈಕಿ. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಕಂಡಕ್ಟರ್. ಇಡೀ ಬಸ್ಸಿನ ಜನರನ್ನು ಸಂಭಾಳಿಸಿದವರು ಮನೆಯಲ್ಲಿ ನನ್ನೊಬ್ಬಳನ್ನು ಸಂಭಾಳಿಸಲಾರದೆ ಸುಸ್ತಾಗುತ್ತಿದ್ದರು. ಆದರೆ ಪ್ರೆಸ್ ಸೆಕ್ಷನ್ನಿಗೆ ಹೆದರುವವರೇ ಬೇಕು ಎಂದು ನಮ್ಮ ಮ್ಯಾನೇಜರ್ ನಟರಾಜ್ ಸಾರ್ ಹೇಳುತ್ತಿದ್ದರು. ನನ್ನನ್ನು ಸೂಪರ್‌ವೈಸರ್ ಮಾಡಿದ್ದೂ ಅದಕ್ಕೇ ಇರಬೇಕು. ಹೆದರುವವರಿಗೆ ಇನ್ನೊಂದು ಗುಣವೂ ಇರುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಮ್ಮ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದದ್ದು ಫುಟ್‌ಬಾಲ್ ಅಂಗಿ. ಇಂಗ್ಲೆಂಡ್, ಸ್ಪೇನ್, ಜರ್ಮನಿ ಕಡೆಯ ಕ್ಲಬ್ಬುಗಳ ಅಭಿಮಾನಿಗಳು ಹಾಕಿಕೊಳ್ಳುವ ಅಂಗಿ. ಬಟ್ಟೆ ಹೊರಗಿಂದ ಬರುತ್ತಿತ್ತು, ಹೊಲಿಗೆ ನಮ್ಮಲ್ಲೇ. ಹೊಲಿದ ಅಂಗಿ ಕೊನೆಗೆ ನಮ್ಮ ಸೆಕ್ಷನ್ನಿಗೆ ಬರುತ್ತಿತ್ತು. ಎದೆಯ ಮೇಲೆ ದೊಡ್ಡದಾಗಿ ಒಂದು ಕಂಪನಿಯ ಹೆಸರು, ತೋಳಿನ ಮೇಲೆ ಚಿಕ್ಕದಾಗಿ ಇನ್ನೊಂದು ಕಂಪನಿಯ ಹೆಸರು. ಅದನ್ನು ಅಂಟಿಸುವುದೇ ನಮ್ಮ ಕೆಲಸ. ಆ ಹೆಸರು ಒಂದು ಹಾಳೆಯ ಮೇಲೆ ಅಚ್ಚಾಗಿ ಬರುತ್ತದೆ, ನಾವು ಸ್ಟಿಕ್ಕರ್ ಎನ್ನುತ್ತಿದ್ದೆವು. ಅಂಗಿಯನ್ನು ಮೆಷಿನ್ನಿನ ಹಾಸಿನ ಮೇಲೆ ಹರವಿ, ರಟ್ಟಿನ ಅಳತೆ ಇಟ್ಟು, ಸ್ಟಿಕ್ಕರ್ ಕೂರಿಸಿ, ಮೇಲಿನ ಕಾದ ಹಲಗೆಯನ್ನು ಇಳಿಸಿ ಒತ್ತಬೇಕು. ಟೈಮರ್ ಕೂಗಿದ ಕೂಡಲೇ ಎತ್ತಬೇಕು. ಒಂದೆರಡು ಸೆಕೆಂಡ್ ಹೆಚ್ಚಾದರೆ ಬಟ್ಟೆ ಹೊಳೆಯುತ್ತದೆ, ಕಡಿಮೆಯಾದರೆ ಅಕ್ಷರ ಒಂದೇ ಒಗೆತಕ್ಕೆ ಎದ್ದು ಬರುತ್ತದೆ. ಕಾಲರ್‌ನಿಂದ ಅರ್ಧ ಇಂಚು ಕೆಳಗೆ ಹೋದರೆ ಅಂಗಿ ರಿಜೆಕ್ಟ್. ಸಲೀಸು ಎಂದವರು ಯಾರು ಎಂದು ಸೌಮ್ಯಳನ್ನು ಕೇಳಬೇಕಿತ್ತು.

ಮೊದಮೊದಲು ನನಗೆ ಆ ಹೆಸರುಗಳು ಬರೀ ಅಕ್ಷರಗಳು. ಯಾವ ಕಂಪನಿ, ಏನು ಮಾರುತ್ತದೆ, ಒಂದೂ ಗೊತ್ತಿರಲಿಲ್ಲ. ಕ್ಲಬ್ಬಿನ ಹೆಸರೇ ಅದು ಎಂದುಕೊಂಡು ಒಂದು ವರ್ಷ ಒತ್ತಿದ್ದೇನೆ. ಮುಂದಿನ ವರ್ಷ ಅದೇ ಕೆಂಪು ಅಂಗಿ, ಅದೇ ಕಾಲರ್, ಆದರೆ ಎದೆಯ ಮೇಲೆ ಬೇರೆ ಹೆಸರು ಬಂತು. ಸ್ಟಿಕ್ಕರ್ ತಪ್ಪಾಗಿ ಬಂದಿದೆ ಎಂದು ಬಂಡಲ್ ಎತ್ತಿಕೊಂಡು ಮ್ಯಾನೇಜರ್ ಕ್ಯಾಬಿನ್ನಿಗೆ ಓಡಿದೆ. ನಟರಾಜ್ ಸಾರ್ ನಕ್ಕರು. "ಹಳೆಯವರ ಕಾಂಟ್ರ್ಯಾಕ್ಟ್ ಮುಗೀತು ಕಣಮ್ಮ. ಈಗ ಬೇರೆಯವ್ರು ತಗೊಂಡವ್ರೆ," ಎಂದರು. ಏನನ್ನು ತಗೊಂಡಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಕೇಳುವುದಕ್ಕೆ ನಾಚಿಕೆಯಾಯಿತು.

ಎಷ್ಟೋ ವರ್ಷದ ಮೇಲೆ ಅದನ್ನು ನನಗೆ ತಿಳಿಸಿಕೊಟ್ಟವಳು ಅಂಜಿನಮ್ಮ. ಪಾವಗಡ ತಾಲ್ಲೂಕಿನ ರಾಯಚರ್ಲಿನವಳು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಅಲ್ಲಿ ಅವರ ಹೊಲ ಸೋಲಾರ್‌ಗೆ ಹೋಗಿದೆ, ಅಂದರೆ ಮಾರಿಲ್ಲ, ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿದ್ದಾರೆ. ಮನೆಯಲ್ಲಿ ಕೂತು ಬೇಜಾರಾಗಿ ಮಧುಗಿರಿಯ ಅಕ್ಕನ ಮನೆಗೆ ಬಂದು ನಮ್ಮಲ್ಲಿ ಸೇರಿದ್ದಳು. ಊಟದ ಹೊತ್ತಿನಲ್ಲಿ ನಾನು ನನ್ನ ಅನುಮಾನ ಹೇಳಿದೆ. ಅವಳು ಮುದ್ದೆ ಮುರಿಯುತ್ತಾ ಹೇಳಿದಳು:

"ಏಮಕ್ಕಾ, ಇಷ್ಟು ಗೊತ್ತಾಗ್ಲಿಲ್ವಾ? ನಮ್ಮ ಹೊಲ ಇದ್ದಂಗೆ ಅದು. ಹೊಲ ನಮ್ದೇ, ಪಹಣಿ ನಮ್ ಹೆಸರಲ್ಲೇ ಐತೆ. ಮೇಲೆ ಪ್ಲೇಟು ಅವ್ರದ್ದು. ಅಂಗೇ ಅಂಗಿ ಕ್ಲಬ್ಬಿಂದು, ಎದೆ ಬಾಡಿಗೆಗೆ ಕೊಟ್ಟವ್ರೆ. ಬಿಸ್ಲು ಜಾಸ್ತಿ ಬೀಳೋ ಜಾಗಕ್ಕೆ ಬಾಡಿಗೆ ಜಾಸ್ತಿ. ಎದೆ ಮೇಲೆ ಕ್ಯಾಮೆರಾ ಬೀಳ್ತದೆ, ಅದ್ಕೇ ಎದೆಗೆ ಜಾಸ್ತಿ, ತೋಳಿಗೆ ಕಮ್ಮಿ. ಅಂತೇ ಕದಾ?"

ಇದಕ್ಕಿಂತ ಚೆನ್ನಾಗಿ ಹೆಡ್ ಆಫೀಸಿನವರೂ ನನಗೆ ಹೇಳಲಿಲ್ಲ. ವರ್ಷಗಟ್ಟಲೆ ಕೇಳುತ್ತಾ ಕೇಳುತ್ತಾ ಉಳಿದದ್ದನ್ನು ನಾನೇ ಜೋಡಿಸಿಕೊಂಡೆ. ಕ್ಲಬ್ಬಿಗೆ ದುಡ್ಡು ಎರಡು ಕಡೆಯಿಂದ ಬರುತ್ತದೆ. ಎದೆಯ ಮೇಲೆ ಹೆಸರು ಹಾಕಿಸುವ ಕಂಪನಿ ಒಂದು ಕಡೆ; ನಮಗೆ ಆರ್ಡರ್ ಕೊಡುವ ಬಟ್ಟೆ ಕಂಪನಿ ಇನ್ನೊಂದು ಕಡೆ, ಅದು ಆ ಕ್ಲಬ್ಬಿನ ಅಂಗಿ ಮಾರುವ ಹಕ್ಕಿಗಾಗಿ ಕೊಡುತ್ತದೆ. ಆ ಬಟ್ಟೆ ಕಂಪನಿ ಅದನ್ನು ಅಭಿಮಾನಿಯಿಂದ ವಸೂಲು ಮಾಡಿಕೊಳ್ಳುತ್ತದೆ. ಎದೆಯ ಹೆಸರು ಬದಲಾದರೆ ಅಭಿಮಾನಿಯ ಹಳೆಯ ಅಂಗಿ ಹಳೆಯದಾಗಿಬಿಡುತ್ತದೆ. ಪಾಪ, ಹರಿಯದ ಅಂಗಿಯನ್ನು ಬಿಟ್ಟು ಹೊಸದು ಕೊಳ್ಳುತ್ತಾನೆ. ತಂಡ ಸೋತು ಕೆಳಗಿನ ದರ್ಜೆಗೆ ಇಳಿದರೆ ಎದೆಯ ಬಾಡಿಗೆಯೂ ಇಳಿಯುತ್ತದೆ, ಅಂಗಿಯ ಆರ್ಡರ್ರೂ ಇಳಿಯುತ್ತದೆ. ಹೀಗಾಗಿ, ಹೆಸರು ಹೇಳಲೂ ಬಾರದ ಊರಿನ ತಂಡ ಸೋತ ದಿನ ಮಧುಗಿರಿಯಲ್ಲಿ ನಾನು ಮುಂದಿನ ಆರ್ಡರಿನ ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಎದೆಯ ಬಾಡಿಗೆ ಏರಿದಾಗ ಮಾತ್ರ ನಮ್ಮ ಕೂಲಿಯಲ್ಲಿ ಏನೂ ಏರುತ್ತಿರಲಿಲ್ಲ. ಅಂಜಿನಮ್ಮ ಅದನ್ನೂ ಹೇಳುತ್ತಿದ್ದಳು, ನಾನು "ಶ್" ಎನ್ನುತ್ತಿದ್ದೆ.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಗುಲಾಬಿ ಬಣ್ಣದ್ದು. ರಕ್ತಗೆಂಪಿನ ಅಂಗಿ, ಎದೆಯ ಮೇಲೆ ಅಚ್ಚ ಬಿಳಿ ಅಕ್ಷರ. ಒತ್ತುವಾಗ ಮಲ್ಲಿಗೆಯ ಹಾಗಿತ್ತು. ಪ್ಯಾಕ್ ಮಾಡಿ ಗೋಡೌನಿನಲ್ಲಿಟ್ಟು ಮೂರನೇ ದಿನ ಯಾವುದಕ್ಕೋ ಒಂದು ಪೆಟ್ಟಿಗೆ ತೆರೆದರೆ ಅಕ್ಷರವೆಲ್ಲ ಗುಲಾಬಿ. ಶಾಖ ಹೆಚ್ಚಾದರೆ ಪಾಲಿಯೆಸ್ಟರ್ ಬಟ್ಟೆಯ ಬಣ್ಣ ಮೇಲೆದ್ದು ಅಕ್ಷರಕ್ಕೆ ಏರುತ್ತದಂತೆ, ಅದೂ ತಕ್ಷಣ ಅಲ್ಲ, ನಿಧಾನವಾಗಿ. ಬೇಗ ಮುಗಿಯಲಿ ಎಂದು ನಾನೇ ಶಾಖ ಏರಿಸಿ ಟೈಮು ಇಳಿಸಿದ್ದೆ. ನಟರಾಜ್ ಸಾರ್ ಬೈಯಲಿಲ್ಲ. ಒಂದು ಗುಲಾಬಿ ಅಂಗಿಯನ್ನು ನನ್ನ ಮೇಜಿನ ಎದುರು ಮೊಳೆಗೆ ನೇತು ಹಾಕಿಸಿದರು. ಬೈದಿದ್ದರೆ ಮರೆಯುತ್ತಿದ್ದೆ. ಆರು ತಿಂಗಳು ಅದನ್ನು ನೋಡುತ್ತಾ ಕೆಲಸ ಮಾಡಿದೆ. ಹೊಸದಾಗಿ ಸೇರುವವರಿಗೆ ಹೇಳುತ್ತೇನೆ, ಮೆಷಿನ್ನಿನ ಮೇಲೆ ಬರೆದ ಶಾಖವನ್ನು ಯಾರು ಹೇಳಿದರೂ ಮುಟ್ಟಬೇಡಿ. ಸೂಪರ್‌ವೈಸರ್ ಹೇಳಿದರೂ ಮುಟ್ಟಬೇಡಿ.

ಇನ್ನೊಂದು ವರ್ಷ ಎದೆಯ ಕಂಪನಿಯೇ ಓಡಿಹೋಯಿತು. ದಿವಾಳಿಯೆದ್ದಿತೋ, ಜಗಳವಾಯಿತೋ, ನಮಗೆ ಯಾರು ಹೇಳುತ್ತಾರೆ? ಒತ್ತಿ ಮುಗಿಸಿದ ಅಂಗಿಗಳು ಪೆಟ್ಟಿಗೆಯಲ್ಲಿದ್ದವು. ಕಳಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗೂ ಇಲ್ಲ ಎಂದು ಆದೇಶ ಬಂತು. ಪ್ರತಿಯೊಂದನ್ನೂ ಎದೆಯ ಮಧ್ಯೆ ಕತ್ತರಿಸಿ, ಫೋಟೋ ತೆಗೆದು ಕಳಿಸಬೇಕು. ಕೊರಟಗೆರೆ ವ್ಯಾನಿನಲ್ಲಿ ಬರುತ್ತಿದ್ದ ಹೆಂಗಸರು ಕತ್ತರಿ ಹಿಡಿಯಲು ಒಪ್ಪಲಿಲ್ಲ. "ಹೊಸಾ ಬಟ್ಟೆ ಹರಿಯೋದಾ? ಅಪಶಕುನ ಕಣಕ್ಕ, ನಮ್ ಕೈಲಿ ಆಗಲ್ಲ," ಎಂದು ಹೊರಗೆ ಹೋಗಿ ನಿಂತರು. ಕೊನೆಗೆ ನಾನೂ ನಮ್ಮ ಸೆಕ್ಷನ್ನಿನ ಆಪರೇಟರ್ ಮೆಹರುನ್ನಿಸಾಳೂ ಕೂತು ಎರಡು ದಿನ ಕತ್ತರಿಸಿದೆವು. ಕತ್ತರಿಯ ಹಿಡಿ ಒತ್ತಿ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಆಮೇಲೆ ಆ ಕ್ಲಬ್ಬಿಗೆ ಹೊಸ ಕಂಪನಿ ಸಿಗುವವರೆಗೆ ಖಾಲಿ ಎದೆಯ ಅಂಗಿಗಳನ್ನು ಹೊಲಿದು ಇಟ್ಟುಕೊಂಡಿದ್ದೆವು. ಬಟ್ಟೆ ಕಂಪನಿ ಮಾದರಿಗೆಂದು ಕಳಿಸುವ ಸ್ಯಾಂಪಲ್ ಅಂಗಿಯ ಎದೆಯೂ ಖಾಲಿ ಬಂದಿತ್ತು. ಹದಿನೈದು ದಿನಕ್ಕೆ ಸ್ಟಿಕ್ಕರ್ ಬಂತು, ಒತ್ತಿದೆವು. ಖಾಲಿ ಎದೆ ಎಂದರೆ ಇನ್ನೂ ಬರಬೇಕಾದ ಹೆಸರು ಎಂದು ನನ್ನ ತಲೆಯಲ್ಲಿ ಕೂತದ್ದು ಆಗಲೇ.

ಮೆಹರುನ್ನಿಸಾಳ ವಿಷಯ ಹೇಳಬೇಕು. ಸಿರಾದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ನಮ್ಮ ಸೆಕ್ಷನ್ನಿನಲ್ಲಿ ಅವಳಂಥ ಕೈ ಇನ್ನೊಂದಿರಲಿಲ್ಲ. ರಟ್ಟಿನ ಅಳತೆ ಇಡದೆ ಸ್ಟಿಕ್ಕರ್ ಕೂರಿಸಿದರೂ ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ. ಮಾತು ಕಮ್ಮಿ. ನಮ್ಮಲ್ಲಿಗೆ ಬರುವ ಮೊದಲು ಬೇರೊಂದು ಯೂನಿಟ್ಟಿನಲ್ಲಿ ಇದ್ದಳು. ಅಲ್ಲಿ ಯಾರೋ ಮಾಡಿದ ತಪ್ಪನ್ನು ಅವಳ ಮೇಲೆ ಹಾಕಿ ಹೊರಗೆ ಕಳಿಸಿದ್ದರು. ಗಾರ್ಮೆಂಟ್ಸ್‌ನಲ್ಲಿ ಈ ಸುದ್ದಿ ಗೇಟಿನಿಂದ ಗೇಟಿಗೆ ಅವಳಿಗಿಂತ ಮೊದಲೇ ಹೋಗುತ್ತದೆ. ಒಂದು ಸಲವಾದರೆ ಕಾಲು ಹಿಡಿದು ಇನ್ನೊಂದು ಕಡೆ ಸೇರಬಹುದು. ಎರಡನೇ ಸಲವೂ ಆದರೆ ಸಿರಾ, ಮಧುಗಿರಿ, ಕೊರಟಗೆರೆ ಎಲ್ಲಿ ಹೋದರೂ ಸೆಕ್ಯುರಿಟಿಯವನೇ ವಾಪಸ್ ಕಳಿಸುತ್ತಾನೆ. ಇದನ್ನು ಅವಳು ನನಗೆ ಒಂದೇ ಸಲ ಹೇಳಿದ್ದು. ಅವಳ ದುಡಿಮೆಯ ಮೇಲೆಯೇ ಮನೆ ನಡೆಯುತ್ತಿತ್ತು ಎಂಬುದನ್ನು ಹೇಳಲೂ ಇಲ್ಲ, ನಾನೇ ತಿಳಿದುಕೊಂಡೆ.

ನನ್ನ ನಿವೃತ್ತಿಗೆ ಒಂದೂವರೆ ವರ್ಷ ಇದ್ದಾಗ ಇಂಗ್ಲೆಂಡಿನ ಒಂದು ಕ್ಲಬ್ಬಿನ ಆರ್ಡರ್ ಬಂತು. ದೊಡ್ಡವರ ಅಳತೆ, ಹೆಂಗಸರ ಅಳತೆ, ಮಕ್ಕಳ ಅಳತೆ. ದೊಡ್ಡವರ ಸ್ಯಾಂಪಲ್ಲಿನ ಎದೆಯ ಮೇಲೆ ಹೆಸರಿತ್ತು, ಹೆಂಗಸರ ಸ್ಯಾಂಪಲ್ಲಿಗೂ ಇತ್ತು. ಮಕ್ಕಳ ಸ್ಯಾಂಪಲ್ಲಿನ ಎದೆ ಖಾಲಿ. ಲಾರಿ ಬುಧವಾರ ಬರಬೇಕು. ಸೋಮವಾರ ಬೆಳಿಗ್ಗೆ ಮಕ್ಕಳ ಅಂಗಿಗಳು ಹೊಲಿಗೆ ಲೈನಿನಿಂದ ನಮ್ಮ ಮೇಜಿಗೆ ಬಂದವು, ತೋಳಿನ ಸ್ಟಿಕ್ಕರ್ ಒತ್ತುವುದಕ್ಕೆ. ಎದೆಯ ಸ್ಟಿಕ್ಕರ್ ಬಂದಿಲ್ಲ.

ನನಗೆ ಕಳವಳ ಶುರುವಾಯಿತು. ಬುಧವಾರಕ್ಕೆ ಆಗದಿದ್ದರೆ? ಲಾರಿ ವಾಪಸ್ ಹೋದರೆ? ನಟರಾಜ್ ಸಾರ್ ಅಂದು ತುಮಕೂರಿಗೆ ಮೀಟಿಂಗಿಗೆ ಹೋಗಿದ್ದರು. ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಂದು ಸಲ ಮಾಡಲು ಧೈರ್ಯ ಬರಲಿಲ್ಲ. ಸ್ಟೋರಿನಲ್ಲಿ ಹೆಂಗಸರ ಸಣ್ಣ ಅಳತೆಯ ಸ್ಟಿಕ್ಕರ್ ಕಟ್ಟು ಕಂಡಿತು. ಮಕ್ಕಳ ಅಂಗಿಯ ಮೇಲಿಟ್ಟು ನೋಡಿದೆ. ಅಳೆದು ಮಾಡಿಸಿದ ಹಾಗೆ ಕೂತಿತು. ಎದೆಯ ಮೇಲಿದ್ದ ಭಾರವೇ ಇಳಿದ ಹಾಗಾಯಿತು. ಹೆದರುವವರ ಇನ್ನೊಂದು ಗುಣ ಎಂದೆನಲ್ಲ, ಅದು ಇದು. ಹೆದರಿಕೆ ಮುಗಿದರೆ ಸಾಕು ಎಂದು, ಕಂಡ ಮೊದಲ ದಾರಿಯಲ್ಲಿ ನುಗ್ಗಿಬಿಡುತ್ತಾರೆ.

ಮಕ್ಕಳ ಅಂಗಿ ಅಷ್ಟೂ ಮೆಹರುನ್ನಿಸಾಳ ಮೆಷಿನ್ನಿಗೆ ಕೊಟ್ಟೆ. ಅವಳು ಸ್ಯಾಂಪಲ್ ಎತ್ತಿ ಹಿಡಿದಳು.

"ಅಕ್ಕಾ, ಜರಾ ನೋಡಿ. ಇದ್ರಲ್ಲಿ ಖಾಲಿ ಐತಲ್ಲ?"

"ಆ ಕಂಪನಿ ಓಡಿಹೋದಾಗ್ಲೂ ಖಾಲಿ ಇತ್ತಲ್ಲೇ, ಆಮೇಲೆ ಒತ್ಲಿಲ್ವಾ?"

"ಆವಾಗ ಎಲ್ಲಾ ಸೈಜಿಗೂ ಖಾಲಿ ಇತ್ತು. ಇಲ್ಲಿ ಮಕ್ಕಳಿಗೆ ಮಾತ್ರ. ಸಾರ್ ಬರಲಿ ಅಕ್ಕಾ, ಕೇಳ್ಬುಟ್ಟು ಒತ್ತಾಣ."

"ಲೇ, ನಿನ್ನನ್ನ ಒತ್ತೋಕೆ ಇಟ್ಕೊಂಡಿರೋದಾ, ಯೋಚ್ನೆ ಮಾಡೋಕೆ ಇಟ್ಕೊಂಡಿರೋದಾ? ಲಾರಿ ಬಂದು ನಿಂತ್ರೆ ನೀನು ಉತ್ರ ಕೊಡ್ತೀಯಾ?"

ಸುತ್ತಲಿನ ಐದು ಮೆಷಿನ್ನಿನವರು ತಿರುಗಿ ನೋಡಿದರು. ಮೆಹರುನ್ನಿಸಾ ಸ್ಯಾಂಪಲ್ ಮಡಚಿ ಪಕ್ಕಕ್ಕಿಟ್ಟು ಒತ್ತತೊಡಗಿದಳು. ಸಂಜೆಯ ಹೊತ್ತಿಗೆ ಮಕ್ಕಳ ಅಂಗಿ ಅಷ್ಟೂ ಮುಗಿದು ಪೆಟ್ಟಿಗೆ ಸೇರಿದವು. ನಾನು ಅವಳಿಗೆ ಟೀ ತರಿಸಿಕೊಟ್ಟೆ. ಕುಡಿದಳು.

ಮಂಗಳವಾರ ಮಧ್ಯಾಹ್ನ ಹೆಂಗಸರ ಅಂಗಿ ಒತ್ತುವಾಗ ಸಣ್ಣ ಸ್ಟಿಕ್ಕರ್ ಸಾಲಲಿಲ್ಲ. ಸ್ಟೋರಿನವರು ಮ್ಯಾನೇಜರಿಗೆ ಹೇಳಿದರು, ಮ್ಯಾನೇಜರ್ ಬೆಂಗಳೂರಿನ ಹೆಡ್ ಆಫೀಸಿಗೆ ಹೇಳಿದರು, ಎಣಿಸಿಯೇ ಕಳಿಸಿದ್ದೇವೆ ಎಂದು ಅಲ್ಲಿಂದ ಉತ್ತರ ಬಂತು. ನಟರಾಜ್ ಸಾರ್ ಫೋನನ್ನು ಕೈಯಲ್ಲಿ ಹಿಡಿದೇ ನಮ್ಮ ಸೆಕ್ಷನ್ನಿಗೆ ಬಂದರು.

"ಜಯಮ್ಮ, ಸಣ್ಣ ಸೈಜಿನ ಸ್ಟಿಕ್ಕರ್ ಎಲ್ಲೋಯ್ತು?"

"ಮಕ್ಕಳ ಅಂಗಿಗೆ ಹಾಕಿದ್ವಲ್ಲ ಸಾರ್," ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

ಅವರು ಫೋನ್ ಕಟ್ ಮಾಡಿದರು. "ಮಕ್ಕಳ ಅಂಗೀಗಾ? ಎದೆಗಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಹೇಳಿದರು: ಆ ಹೆಸರು ಬೆಟ್ಟಿಂಗ್ ಕಂಪನಿಯದು. ಆ ದೇಶದಲ್ಲಿ ದೊಡ್ಡವರ ಅಂಗಿಯ ಮೇಲೆ ಅದು ಇರಬಹುದು, ಮಕ್ಕಳ ಅಂಗಿಯ ಮೇಲೆ ಜೂಜಿನ ಹೆಸರು ಇರಕೂಡದು. ಅದಕ್ಕೇ ಮಕ್ಕಳ ಎದೆ ಖಾಲಿ. ಆರ್ಡರಿನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದೂ ಇತ್ತು. ನಾನು ಆ ಹಾಳೆಯಲ್ಲಿ ಅಳತೆ ನೋಡಿದ್ದೆ, ಬರಹ ನೋಡಿರಲಿಲ್ಲ.

ನಮ್ಮಲ್ಲಿ ಬೆಟ್ಟಿಂಗ್ ಎಂದರೆ ಪೊಲೀಸರು ಹಿಡಿದುಕೊಂಡು ಹೋಗುವ ವ್ಯವಹಾರ. ಅಲ್ಲಿ ಅದನ್ನು ಎದೆಯ ಮೇಲೆ ಬರೆದುಕೊಂಡು ಮೈದಾನದಲ್ಲಿ ಓಡುತ್ತಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಬೇರೆ ಯಾರೂ ಕೊಡದಷ್ಟು ಬಾಡಿಗೆಯನ್ನು ಆ ಕಂಪನಿಗಳು ಕೊಡುತ್ತವಂತೆ. ಅವಕ್ಕೆ ಆ ಊರಿನವರು ನೋಡಿದರೆ ಸಾಲದು. ಟಿವಿಯಲ್ಲಿ ದೂರದ ದೇಶಗಳವರು ನೋಡಬೇಕು, ನೋಡಿ ಫೋನಿನಲ್ಲಿ ಆಡಬೇಕು. ಸಣ್ಣ ಕ್ಲಬ್ಬುಗಳು ಬೇಡ ಎನ್ನಲಾರವು. ಹೀಗೆಲ್ಲ ಯೋಚಿಸಿದ್ದು ಆಮೇಲೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಒಂದೇ: ಮಾರನೆಯ ದಿನ ಬಟ್ಟೆ ಕಂಪನಿಯ ಇನ್‌ಸ್ಪೆಕ್ಟರ್ ಥಾಮಸ್ ಸಾರ್ ಬರುವವರಿದ್ದರು.

ಪೆಟ್ಟಿಗೆಗಳನ್ನು ವಾಪಸ್ ತರಿಸಿದೆವು. ಸ್ಟಿಕ್ಕರ್ ಬಿಡಿಸುವ ಔಷಧಿ ಹಾಕಿ ಉಗುರಿನಿಂದ ಎಬ್ಬಿಸಿದೆವು. ಅಂಜಿನಮ್ಮ ಒಂದನ್ನು ಪೂರ್ತಿ ಬಿಡಿಸಿ ಕಿಟಕಿಯ ಹತ್ತಿರ ಹಿಡಿದಳು. ನೇರ ನೋಡಿದರೆ ಏನೂ ಇಲ್ಲ. ಓರೆ ಮಾಡಿದರೆ ಅಷ್ಟೂ ಅಕ್ಷರ ನೆರಳಿನ ಹಾಗೆ ಕಾಣುತ್ತಿತ್ತು, ಓದುವುದಕ್ಕೂ ಬರುತ್ತಿತ್ತು. "ವದ್ದಕ್ಕಾ, ಇದು ಹೋಗಲ್ಲ," ಎಂದು ಮೇಜಿನ ಮೇಲೆ ಹಾಕಿದಳು. ಮೆಹರುನ್ನಿಸಾ ಇನ್ನೊಂದು ಅಂಗಿಯನ್ನು ಉಜ್ಜುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಐದು ಗಂಟೆಗೆ ನಟರಾಜ್ ಸಾರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಮುಚ್ಚಿಡಲು ಆಗುವುದಿಲ್ಲ, ಪೆಟ್ಟಿಗೆ ಲೆಕ್ಕ ಇನ್‌ಸ್ಪೆಕ್ಟರ್ ಕೈಯಲ್ಲಿದೆ ಎಂದರು. ಒಂದು ಫಾರಂ ಮುಂದಿಟ್ಟರು. ತಪ್ಪಾದಾಗ ತುಂಬುವ ಫಾರಂ ಅದು. ಏನು ತಪ್ಪು, ಎಷ್ಟು ಪೀಸು, ಯಾವ ಆಪರೇಟರ್ ನಂಬರ್. ಪ್ರತಿ ಬಂಡಲ್ಲಿನ ಚೀಟಿಯ ಮೇಲೂ ಒತ್ತಿದವರ ನಂಬರ್ ಇರುತ್ತದೆ. ಮೆಹರುನ್ನಿಸಾಳದು ನಲವತ್ತೊಂದು. ಯಾರು ಒತ್ತಲು ಹೇಳಿದರು ಎಂದು ಬರೆಯಲು ಆ ಫಾರಂನಲ್ಲಿ ಜಾಗವೇ ಇರಲಿಲ್ಲ.

"ಆಪರೇಟರ್ ಮಿಸ್ಟೇಕ್ ಅಂತ ಬರೀರಿ. ಒಬ್ಬ ಆಪರೇಟರ್ ತಪ್ಪು ಅಂದ್ರೆ ಅವ್ರು ಸುಮ್ನಾಗ್ತಾರೆ. ಸೂಪರ್‌ವೈಸರೇ ಆರ್ಡರ್ ಹಾಳೆ ಓದಿಲ್ಲ ಅಂದ್ರೆ ಇಡೀ ಯೂನಿಟ್ ಮೇಲೆ ಬರ್ತದೆ ಕಣಮ್ಮ. ನಿಮ್ಗೂ ಇನ್ನು ಒಂದೂವರೆ ವರ್ಷ ಅಷ್ಟೇ," ಎಂದರು.

"ಆ ಹುಡ್ಗಿ ಗತಿ ಸಾರ್?" ಎಂದೆ.

"ನೋಡಾಣ. ಆಮೇಲೆ ನೋಡಾಣ."

ನಾನು ಬರೆದೆ. ನಲವತ್ತೊಂದು ಎಂದು ಬರೆದು ಕೆಳಗೆ ಸಹಿ ಮಾಡಿದೆ. ಅಂದು ರಾತ್ರಿ ಇದನ್ನು ನಮ್ಮ ಯಜಮಾನರಿಗೂ ಹೇಳಲಿಲ್ಲ. ಮನೆಗೆ ಬಂದು ಅನ್ನ ಕಲಸಿದೆ, ಹಾಗೇ ಬಿಟ್ಟು ಎದ್ದೆ. ಯಾಕೆ ಎಂದು ಕೇಳಿದರು, ತಲೆನೋವು ಎಂದೆ.

ಬುಧವಾರ ಹತ್ತು ಗಂಟೆಗೆ ಥಾಮಸ್ ಸಾರ್ ಬಂದರು. ಕೇರಳದವರು, ಸಣ್ಣ ಧ್ವನಿ, ಒಡಕು ಕನ್ನಡ. ಫಾರಂ ಓದಿದರು, ಮಕ್ಕಳ ಅಂಗಿಯೊಂದನ್ನು ಓರೆ ಮಾಡಿ ನೋಡಿದರು. "ಫಾರ್ಟಿ ಒನ್ ಯಾರು? ಕರೀರಿ," ಎಂದರು. ಮೆಹರುನ್ನಿಸಾ ಒಳಗೆ ಬಂದು ಮೇಜಿನ ಈಚೆ ನಿಂತಳು. ನಟರಾಜ್ ಸಾರ್ ಕುರ್ಚಿಯಲ್ಲಿ, ನಾನು ಗೋಡೆಯ ಪಕ್ಕ.

"ಸ್ಯಾಂಪಲ್ ನೋಡಿಲ್ವಾ ನೀನು?"

"ನೋಡಿದೆ ಸಾರ್."

"ಖಾಲಿ ಇತ್ತು. ಮತ್ತೆ ಯಾಕೆ ಒತ್ತಿದೆ? ಯಾರಾದ್ರೂ ಹೇಳಿದ್ರಾ?"

ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದ ಅಲ್ಲ. ಕೇಳುವ ಹಾಗೆ ನೋಡಿದಳು, ಅಕ್ಕಾ, ಹೇಳಲಾ, ನೀವೇ ಹೇಳ್ತೀರಾ ಎನ್ನುವ ಹಾಗೆ. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಅದರಲ್ಲಿ ಯಾವ ತಿಂಗಳಿತ್ತು ಎಂದು ಈಗಲೂ ನೆನಪಿಲ್ಲ. ಒಂದು ಮಾತು, ಒಂದೇ ಮಾತು ಆಡಬೇಕಿತ್ತು. ಅವಳು ಕಾದಳು. ಥಾಮಸ್ ಸಾರ್ ಕಾದರು. ಆಮೇಲೆ ಅವಳು ಕಣ್ಣು ತಿರುಗಿಸಿ ಹೇಳಿದಳು:

"ಇಲ್ಲ ಸಾರ್. ನಾನೇ ಒತ್ತಿದ್ದು."

"ನಾಳೆಯಿಂದ ಬರೋದು ಬೇಡ. ಕಾರ್ಡ್ ಇಟ್ಟು ಹೋಗು," ಎಂದರು ನಟರಾಜ್ ಸಾರ್. ಅವರೂ ಅವಳ ಮುಖ ನೋಡಲಿಲ್ಲ. ಅವಳು ಕೊರಳಿನ ಐಡಿ ಕಾರ್ಡ್ ತೆಗೆದಳು. ದಾರ ತಲೆಗೂದಲಿಗೆ ಸಿಕ್ಕಿಕೊಂಡು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತಾಯಿತು. ಆ ಹೊತ್ತಿನಲ್ಲೂ ನಾನು ಮಾತಾಡಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟಳು, ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡಳು, ಬಾಗಿಲಿನ ಹತ್ತಿರ ಹೋದಳು. ಅವಳ ಕೈ ಬಾಗಿಲಿನ ಹಿಡಿಯ ಮೇಲೆ ಬಿದ್ದಾಗ ನಾನು ಬಾಯಿ ಬಿಟ್ಟೆ.

"ಸಾರ್, ನಾನು ಹೇಳಿದ್ದು. ಅವಳು ಬೇಡ ಅಂದ್ಳು. ಸ್ಯಾಂಪಲ್ ಎತ್ತಿ ತೋರ್ಸಿದ್ಳು. ನಾನೇ ಬೈದು ಒತ್ತಿಸ್ದೆ. ಫಾರಂ ಬರೆದಿರೋದೂ ನಾನೇ."

ಥಾಮಸ್ ಸಾರ್ ಫಾರಂ ತಿರುಗಿಸಿ ನನ್ನ ಮುಂದೆ ಇಟ್ಟು, "ನಿಮ್ಮ ಕೈಯಲ್ಲೇ ಬರೀರಿ," ಎಂದರು. ನಲವತ್ತೊಂದು ಹೊಡೆದುಹಾಕಿ ಅದೇ ಜಾಗದಲ್ಲಿ ಜಯಮ್ಮ, ಸೂಪರ್‌ವೈಸರ್ ಎಂದು ಬರೆದೆ. ನಂಬರ್ ಬರೆಯುವ ಚೌಕದಲ್ಲಿ ಹೆಸರು ಹಿಡಿಸಲಿಲ್ಲ, ಪಕ್ಕದ ಗೆರೆ ದಾಟಿತು. ಅವರು ಕಾರ್ಡನ್ನು ಎತ್ತಿ ಮೆಹರುನ್ನಿಸಾಳಿಗೆ ವಾಪಸ್ ಕೊಟ್ಟರು. ಅವಳು ತೆಗೆದುಕೊಂಡು, ಯಾರ ಕಡೆಯೂ ನೋಡದೆ ಮೆಷಿನ್ನಿಗೆ ಹೋದಳು.

ದೊಡ್ಡವರ ಅಂಗಿಗಳು ಅಂದೇ ಹೋದವು, ಹೆಂಗಸರವು ಒಂದು ವಾರ ತಡವಾಗಿ. ಮಕ್ಕಳವನ್ನು ಕತ್ತರಿಸಿದ್ದು ಈ ಸಲ ನಾನೊಬ್ಬಳೇ. ಯೂನಿಟ್ ಮೇಲೆ ಬರುತ್ತದೆ ಎಂದು ನಟರಾಜ್ ಸಾರ್ ಹೆದರಿದ್ದು ಬರಲಿಲ್ಲ. ಅವರೂ ನನ್ನ ಜಾತಿಯ ಹೆದರುಪುಕ್ಕಲರೇ ಎಂದು ಆಗ ಗೊತ್ತಾಯಿತು. ಮಕ್ಕಳ ಅಂಗಿಯನ್ನು ಬೇರೆ ಮೇಜಿನಲ್ಲಿ, ಎದೆಯ ಸ್ಟಿಕ್ಕರ್ ಇಲ್ಲದ ಕಡೆಯೇ ಇಡಬೇಕೆಂದು ಹೊಸ ನಿಯಮ ಬಂತು. ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲೂ ಬರೆದು ಮೆಷಿನ್ನಿನ ಎದುರು ಅಂಟಿಸುತ್ತಾರೆ. ನನ್ನನ್ನು ಸೂಪರ್‌ವೈಸರ್ ಕೆಲಸದಿಂದ ತೆಗೆದು, ಹೊಲಿದ ಅಂಗಿಯಲ್ಲಿ ಉಳಿದ ನೂಲು ಕತ್ತರಿಸುವ ಮೇಜಿಗೆ ಹಾಕಿದರು. ಕೊನೆಯ ಒಂದೂವರೆ ವರ್ಷ ಅಲ್ಲೇ ಕಳೆದೆ. ಮರ್ಯಾದೆ ಹೋಯಿತೆಂದು ನಮ್ಮ ಯಜಮಾನರಿಗೆ ಬೇಜಾರಾಯಿತು. ನನಗೆ ಆಗಲಿಲ್ಲ.

ಸೌಮ್ಯ, ಸೂಪರ್‌ವೈಸರ್ ಬೈದರೂ ಕೇಳು. ಎರಡನೇ ಸಲವೂ ಕೇಳು. ಕೇಳಿದ್ದಕ್ಕೆ ಬೈಗುಳ ಸಿಗುತ್ತದೆ, ಕೇಳದೆ ಒತ್ತಿದರೆ ನಂಬರ್ ನಿನ್ನದೇ ಇರುತ್ತದೆ. ಮುಂದೆ ನೀನೇ ಸೂಪರ್‌ವೈಸರ್ ಆದರೆ, ನಿನ್ನ ಹೆದರಿಕೆಯನ್ನು ಕೈಕೆಳಗಿನವರ ಬೆನ್ನ ಮೇಲೆ ಹೊರಿಸಬೇಡ. ಇಷ್ಟು ಹೇಳುವುದಕ್ಕೆ ಇಷ್ಟೆಲ್ಲ ಬರೆಯಬೇಕಾಯಿತು.

ನಾನು ನಿವೃತ್ತಿಯಾದ ದಿನ ಊಟದ ಹಾಲ್‌ನಲ್ಲಿ ಸಣ್ಣ ಸಮಾರಂಭ ಮಾಡಿದರು. ಹಾರ ಹಾಕಿದರು, ಸ್ಟೀಲಿನ ಡಬ್ಬಿ ಕೊಟ್ಟರು. ನಟರಾಜ್ ಸಾರ್ ಮಾತಾಡಿದರು. ತಪ್ಪು ಮಾಡಿದಾಗ ಒಪ್ಪಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ, ಜಯಮ್ಮನವರು ಸತ್ಯ ಹೇಳಿ ಒಬ್ಬ ಆಪರೇಟರನ್ನು ಉಳಿಸಿದರು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಾರದ ಹೂವು ಕೀಳುತ್ತಾ ಕೂತಿದ್ದೆ. ಆಮೇಲೆ ಅಂಜಿನಮ್ಮ, "ಮೆಹರು, ನೀನು ಒಂದು ಮಾತು ಹೇಳಮ್ಮ, ನಿನ್ನನ್ನೇ ಅಲ್ವಾ ಉಳ್ಸಿದ್ದು," ಎಂದು ಅವಳನ್ನು ಮುಂದಕ್ಕೆ ತಳ್ಳಿದಳು.

ಮೆಹರುನ್ನಿಸಾ ಮೈಕ್ ಹಿಡಿದಳು.

"ಅಕ್ಕ ಹೇಳಿದ್ರು," ಎಂದಳು. "ಸ್ವಲ್ಪ ಲೇಟಾಗಿ ಹೇಳಿದ್ರು."

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನಟರಾಜ್ ಸಾರ್ ಕೂಡ ನಕ್ಕರು. ಅವಳು ನಗಲಿಲ್ಲ, ನನ್ನ ಕಡೆ ನೋಡಿದಳು. ಈ ಸಲ ನಾನು ಗೋಡೆಯ ಕಡೆ ತಿರುಗಲಿಲ್ಲ. ಅವಳನ್ನೇ ನೋಡಿ, ಹೌದು ಎಂದು ತಲೆಯಾಡಿಸಿದೆ.